ಓದುಗರ ಪ್ರಶ್ನೆ: ಸಂಘ-ಸಂಸ್ಥೆಗಳ ಬಗ್ಗೆ ಓದೋಕೆ ಯಾವ ವಿಷಯ ತಗೋಬೇಕು?

ಡಿಗ್ರಿ ಸೇರುವ ಸಮಯ ಅಲ್ವಾ, ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಕಾಂಬಿನೇಷನ್ ಬಗ್ಗೆಯೇ ಇವೆ. ಅದರಲ್ಲೂ ಒಂದಕ್ಕೊಂದು ಹತ್ತಿರವಿರುವ ನಾಲ್ಕನ್ನು ಆರಿಸಿದ್ದೇನೆ.

ಪ್ರಶ್ನೆ: ದ್ವಿತೀಯ ಪಿಯು ಕಲಾ ವಿಭಾಗ ಮುಗಿಸಿದ್ದೇನೆ. ಅಪ್ಪ ನಮ್ಮೂರ ಹಾಲಿನ ಡೈರಿಯ ಸೆಕ್ರೆಟರಿ. ಅಲ್ಲಿನ ಮೀಟಿಂಗು, ಜಗಳ, ಚುನಾವಣೆ ನೋಡಿಕೊಂಡೇ ಬೆಳೆದೆ. ನಮ್ಮ ಸಂಘ ಚೆನ್ನಾಗಿ ನಡೆಯುತ್ತಿದೆ, ಪಕ್ಕದೂರಿನದು ಬಾಗಿಲು ಹಾಕಿತು. ಯಾಕೆ ಹೀಗೆ ಅಂತ ತಿಳಿದುಕೊಳ್ಳುವ ಆಸೆ. ಅಮೆರಿಕದಲ್ಲಿ ಇದಕ್ಕೇ ‘ಆರ್ಗನೈಸೇಶನಲ್ ಸ್ಟಡೀಸ್’ ಅಂತ ಡಿಗ್ರಿ ಇದೆಯಂತೆ. ನಮ್ಮಲ್ಲಿ ಏನು ತಗೊಳ್ಳಲಿ? ಮನೆಯಲ್ಲಿ ಎಲ್ಲರೂ ಬಿಬಿಎ ಮಾಡು ಅಂತಾರೆ.
— ವಿದ್ಯಾರ್ಥಿನಿ, ಪಾಂಡವಪುರ ತಾಲ್ಲೂಕು

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ಏನು ಓದಲಿ ಅಂತ ಕೇಳುವವರು ಬಹಳ ಜನ. ಇಂಥದ್ದನ್ನು ತಿಳಿಯಬೇಕು, ಅದಕ್ಕೆ ಏನು ಓದಲಿ ಅಂತ ಕೇಳುವವರು ಕಡಿಮೆ. ನಿಮ್ಮ ಹತ್ತಿರ ಆಗಲೇ ಒಂದು ಪ್ರಶ್ನೆ ಇದೆ. ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ವಿಷಯಗಳನ್ನು ಅದೇ ಆರಿಸಿಕೊಡುತ್ತದೆ.

ಬಿಬಿಎ ಕೆಟ್ಟದ್ದಲ್ಲ. ಆದರೆ ಅದು ಮ್ಯಾನೇಜರ್ ಕುರ್ಚಿಯಲ್ಲಿ ಕೂತು ಸಂಸ್ಥೆಯನ್ನು ನೋಡುವುದನ್ನು ಕಲಿಸುತ್ತದೆ. ಮಾರಾಟ ಹೇಗೆ, ಲೆಕ್ಕ ಹೇಗೆ, ಜನರಿಂದ ಕೆಲಸ ತೆಗೆಸುವುದು ಹೇಗೆ, ಇಂಥವು. ಸಂಘ ಒಂದು ಊರಲ್ಲಿ ನಿಲ್ಲುತ್ತದೆ, ಇನ್ನೊಂದು ಊರಲ್ಲಿ ಬೀಳುತ್ತದೆ ಯಾಕೆ ಅನ್ನುವುದು ಬೇರೆಯದೇ ಪ್ರಶ್ನೆ. ಅದಕ್ಕೆ ಒಂದೇ ವಿಷಯ ಸಾಲದು.

ನಿಮ್ಮ ಡೈರಿಯನ್ನೇ ತಗೊಳ್ಳಿ. ಬೆಳಿಗ್ಗೆ ಕ್ಯಾನು, ಬಕೆಟ್ಟು ಹಿಡಿದು ಜನ ಸಾಲು ನಿಂತಿರುತ್ತಾರೆ. ಹಾಲು ಅಳೆದ ಮೇಲೆ ಒಂದಿಷ್ಟು ಸ್ಯಾಂಪಲ್ ಯಂತ್ರಕ್ಕೆ ಹೋಗುತ್ತದೆ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿಯುವ ಘನಾಂಶ) ಎಷ್ಟು ಅಂತ ಬರುತ್ತದೆ, ಬಟವಾಡೆಯ ಲೆಕ್ಕ ಅದರ ಮೇಲೆ. ಅರ್ಥಶಾಸ್ತ್ರ ಓದಿದವರು ಇಲ್ಲಿ ನೋಡುವುದು ಈ ದರದ ಪದ್ಧತಿಯನ್ನು: ಗುಣಮಟ್ಟಕ್ಕೆ ದುಡ್ಡು ಕೊಟ್ಟರೆ ನೀರು ಬೆರೆಸುವವರು ಕಡಿಮೆಯಾಗುತ್ತಾರಾ? ಪ್ರತಿಯೊಬ್ಬ ರೈತನೂ ತಾನೇ ಪೇಟೆಯಲ್ಲಿ ಮಾರಿಕೊಳ್ಳದೆ ಸಂಘಕ್ಕೆ ಹಾಕುವುದು ಯಾಕೆ? 1937ರಲ್ಲಿ ರೊನಾಲ್ಡ್ ಕೋಸ್ ಅನ್ನುವ ಅರ್ಥಶಾಸ್ತ್ರಜ್ಞ ಹೆಚ್ಚು ಕಡಿಮೆ ಇದನ್ನೇ ಕೇಳಿದರು. ಎಲ್ಲವನ್ನೂ ಸಂತೆಯಲ್ಲೇ ಕೊಂಡು ಮಾರಬಹುದಾದರೆ ಕಂಪನಿಗಳು ಇರುವುದಾದರೂ ಯಾಕೆ ಅಂತ. ಪ್ರತಿ ಸಲವೂ ಬೆಲೆ ಹುಡುಕುವುದು, ಚೌಕಾಸಿ ಮಾಡುವುದು, ಕರಾರು ಬರೆಯುವುದು, ಇದಕ್ಕೆಲ್ಲ ಖರ್ಚಿದೆ, ಅದನ್ನು ಉಳಿಸೋಕೆ ಅನ್ನುವುದು ಅವರ ಉತ್ತರ. 1991ರಲ್ಲಿ ಅವರಿಗೆ ನೊಬೆಲ್ ಬಂತು.

ಅದೇ ಸಾಲನ್ನು ಸಮಾಜಶಾಸ್ತ್ರ ಓದಿದವರು ನೋಡಿದರೆ, ಕಮಿಟಿಯಲ್ಲಿ ಯಾರಿದ್ದಾರೆ, ಯಾವ ಕೇರಿಯವರು ಇಲ್ಲ, ಹಾಲು ಕರೆಯುವವಳು ಹೆಂಗಸಾದರೂ ಪಾಸ್‌ಬುಕ್ ಯಾರ ಹೆಸರಲ್ಲಿದೆ ಅಂತ ಕೇಳುತ್ತಾರೆ. ನಿಮ್ಮ ಪಕ್ಕದ ಮೈಸೂರಿನಲ್ಲೇ ಹುಟ್ಟಿದ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಉಳಿದು ಊರಿನ ಅಧಿಕಾರ ಯಾರ ಕೈಲಿದೆ ಅಂತ ನೋಡಿದರು. ‘ಪ್ರಬಲ ಜಾತಿ’ ಅನ್ನುವ ಮಾತು ಅವರ ಕೆಲಸದಿಂದಲೇ ಬಂದದ್ದು. ನಿಮ್ಮ ಸಂಘದ ಚುನಾವಣೆ ಅರ್ಥವಾಗಬೇಕಾದರೆ ಅದು ಬೇಕೇ ಬೇಕು.

ಮನಶ್ಶಾಸ್ತ್ರದವರ ಕಣ್ಣು ಬೇರೆ ಕಡೆ. ಇಬ್ಬರ ಹಸುವೂ ಒಂದೇ ತಳಿ, ಮೇವೂ ಹೆಚ್ಚು ಕಡಿಮೆ ಒಂದೇ, ಆದರೂ ಒಬ್ಬರ ಫ್ಯಾಟ್ 3.4 ಬಂತು, ಪಕ್ಕದವರದು 4.1 ಬಂತು ಅಂದುಕೊಳ್ಳಿ. ಆ ಕ್ಷಣ ಅವರ ಮನಸ್ಸಿಗೆ ಏನನ್ನಿಸುತ್ತದೆ? ಯಂತ್ರವನ್ನು ನಂಬುತ್ತಾರಾ, ಇಲ್ಲ ಸೆಕ್ರೆಟರಿಯನ್ನೇ ಅನುಮಾನಿಸುತ್ತಾರಾ? ನಂಬಿಕೆ ಹೋದ ಸಂಘ ಎಷ್ಟು ದಿನ ಉಳಿಯುತ್ತದೆ? ನಿಮ್ಮ ಅಪ್ಪನಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ, ಕೇಳಿ ನೋಡಿ.

ಇನ್ನು ರಾಜ್ಯಶಾಸ್ತ್ರ. ಸಂಘ ನಡೆಯುವುದು ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ ಕೆಳಗೆ. ಹಳ್ಳಿಯ ಸಂಘ, ಅದರ ಮೇಲೆ ಹಾಲು ಒಕ್ಕೂಟ, ಅದರ ಮೇಲೆ ಕೆಎಂಎಫ್. ಯಾರು ಯಾರಿಗೆ ಉತ್ತರ ಕೊಡಬೇಕು, ಆಯ್ಕೆಯಾದ ಕಮಿಟಿಗೂ ಸಂಬಳದ ಅಧಿಕಾರಿಗೂ ಎಲ್ಲಿ ತಿಕ್ಕಾಟ ಬರುತ್ತದೆ, ಇದು ರಾಜ್ಯಶಾಸ್ತ್ರದವರ ಕ್ಷೇತ್ರ. ಎಲಿನಾರ್ ಆಸ್ಟ್ರಮ್ ಓದಿದ್ದು ರಾಜ್ಯಶಾಸ್ತ್ರ, 2009ರಲ್ಲಿ ನೊಬೆಲ್ ಬಂದದ್ದು ಅರ್ಥಶಾಸ್ತ್ರಕ್ಕೆ. ಕಾಡು, ನೀರು, ಮೀನು ಇಂಥ ಎಲ್ಲರ ಸೊತ್ತನ್ನು ಜನ ತಾವೇ ನಿಯಮ ಮಾಡಿಕೊಂಡು ಹೇಗೆ ಕಾಪಾಡುತ್ತಾರೆ ಅಂತ ಜೀವನಪೂರ್ತಿ ನೋಡಿದವರು ಅವರು. ಮುಂದೆ ಖಂಡಿತ ಅವರನ್ನು ಓದುತ್ತೀರಿ.

ಈಗ ಅರ್ಜಿಯ ವಿಷಯ. ನಮ್ಮ ರಾಜ್ಯದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಪದ್ಧತಿ ಹೋಗಿ 2024–25ರಿಂದ ಮತ್ತೆ ಮೂರು ವರ್ಷ, ಮೂರು ವಿಷಯದ ಡಿಗ್ರಿ ಬಂದಿದೆ. ಬಹಳ ಜನ ಇದಕ್ಕೆ ಬೇಸರಪಟ್ಟರು. ನಿಮಗೆ ಮಾತ್ರ ಅನುಕೂಲವೇ. ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಮನಶ್ಶಾಸ್ತ್ರ, ಈ ಮೂರು ಒಟ್ಟಿಗೆ ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ. ಮನಶ್ಶಾಸ್ತ್ರ ಎಲ್ಲ ಕಡೆ ಇರುವುದಿಲ್ಲ, ಮೈಸೂರಿನಲ್ಲಿ ಹುಡುಕಿ. ಅಂದ ಹಾಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಕಟ್ಟಿದ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನ ಆಕಾಶವಾಣಿಯನ್ನೂ ಶುರು ಮಾಡಿದವರು. ವಿಷಯಗಳ ಬೇಲಿ ಹಾರುವುದು ಆ ಊರಿಗೆ ಹೊಸದಲ್ಲ. ಸಿಗಲಿಲ್ಲವಾ, ಆ ಜಾಗಕ್ಕೆ ರಾಜ್ಯಶಾಸ್ತ್ರ ಇರಲಿ. ಆದರೆ ಅರ್ಥಶಾಸ್ತ್ರವನ್ನು ಮಾತ್ರ ಬಿಡಬೇಡಿ. ‘ಗಣಿತ ಬರುತ್ತೆ’ ಅಂತ ಹೆದರಿ ಬಿಡುವ ಹುಡುಗಿಯರನ್ನು ನೋಡಿ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಅಲ್ಲಿ ಬರುವ ಗಣಿತ ಕಲಿಯಬಹುದಾದ ಗಣಿತವೇ. ಐಚ್ಛಿಕವಾಗಿ ಏನಾದರೂ ಆರಿಸುವ ಅವಕಾಶ ಸಿಕ್ಕರೆ ಮೊದಲು ಸಂಖ್ಯಾಶಾಸ್ತ್ರ, ಆಮೇಲೆ ಸಂಶೋಧನಾ ವಿಧಾನ. ‘ವ್ಯಕ್ತಿತ್ವ ವಿಕಸನ’ ಅಂತ ಹೆಸರಿರುವುದು ಸುಲಭಕ್ಕೆ ಅಂಕ ಕೊಡಬಹುದು, ನಿಮ್ಮ ಪ್ರಶ್ನೆಗೆ ಅದರಿಂದ ಏನೂ ಸಿಗಲ್ಲ.

ಡೈರಿಯ ಹಳೇ ರಿಜಿಸ್ಟರು, ಮಹಾಸಭೆಯ ನಡಾವಳಿ ಪುಸ್ತಕ ಈಗಿನಿಂದಲೇ ಓದಿ. ಅಪ್ಪನ ಮೂಲಕ ಕಮಿಟಿಯ ಒಪ್ಪಿಗೆ ಪಡೆದುಕೊಂಡೇ ಓದಿ. ಮೂರನೇ ವರ್ಷದ ಪ್ರಾಜೆಕ್ಟ್ ಹೊತ್ತಿಗೆ ಅದರ ಬೆಲೆ ಗೊತ್ತಾಗುತ್ತದೆ.

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೇವೆ. ಮಗ ಆ್ಯನ್ ಆರ್ಬರ್‌ನ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಎರಡನೇ ವರ್ಷ. ಆರ್ಗನೈಸೇಶನಲ್ ಸ್ಟಡೀಸ್ ಮೇಜರ್‌ಗೆ ಅರ್ಜಿ ಹಾಕುತ್ತಾನಂತೆ. ಪಟ್ಟಿ ನೋಡಿದರೆ ಸ್ವಲ್ಪ ಸೈಕಾಲಜಿ, ಸ್ವಲ್ಪ ಸೋಷಿಯಾಲಜಿ, ಸ್ವಲ್ಪ ಎಕನಾಮಿಕ್ಸ್. ಯಾವುದನ್ನೂ ಪೂರ್ತಿ ಕಲಿಯದೆ ಹೊರಬರುತ್ತಾನೇನೋ ಅನ್ನುವ ಭಯ ನನಗೆ. ಯಾವ ಕೋರ್ಸು ತಗೋ ಅನ್ನಲಿ?
— ತಾಯಿ, ಮಿಶಿಗನ್

ಉತ್ತರ: ನಿಮ್ಮ ಭಯ ಸುಮ್ನೆ ಅಲ್ಲ. ಇಂಥ ಡಿಗ್ರಿ ಹಾಳಾಗುವುದೇ ಹೀಗೆ: ಮದುವೆ ಊಟದಲ್ಲಿ ಎಲ್ಲದರಲ್ಲೂ ಒಂದೊಂದು ಚಮಚ ಬಡಿಸಿಕೊಂಡು ಯಾವುದರಲ್ಲೂ ಹೊಟ್ಟೆ ತುಂಬದೆ ಎದ್ದ ಹಾಗೆ. ಆದರೆ ತಪ್ಪು ಡಿಗ್ರಿಯದ್ದಲ್ಲ, ಕೋರ್ಸು ಆರಿಸುವ ರೀತಿಯದ್ದು.

ಮೊದಲು ಒಂದು ಸಮಾಧಾನದ ಮಾತು. ಈ ವಿಷಯಕ್ಕೆ ಮಿಶಿಗನ್‌ಗಿಂತ ಒಳ್ಳೆ ಜಾಗ ಕಡಿಮೆ. ಸಮೀಕ್ಷೆಗಳಲ್ಲಿ ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಒಪ್ಪುವುದೇ ಇಲ್ಲ’ದವರೆಗೆ ಐದು ಮನೆ ಇರುತ್ತದಲ್ಲ, ಅದನ್ನು ಕೊಟ್ಟ ರೆನ್ಸಿಸ್ ಲೈಕರ್ಟ್ ಅಲ್ಲಿಯವರೇ. ಅಲ್ಲಿನ ಸಮಾಜ ಸಂಶೋಧನಾ ಸಂಸ್ಥೆ 1949ರಿಂದ ಇದೆ. ಈ ಮೇಜರ್‌ಗೆ ವಿಶ್ವವಿದ್ಯಾಲಯ ಸೇರಿದ ಮೇಲೆ ಬೇರೆಯಾಗಿ ಅರ್ಜಿ ಹಾಕಬೇಕು, ಏನೇನು ಓದುತ್ತೇನೆ ಅನ್ನುವ ದಾರಿಯನ್ನು ವಿದ್ಯಾರ್ಥಿಯೇ ಯೋಚಿಸಬೇಕು. ಆ ಯೋಚನೆಯಲ್ಲೇ ಎಲ್ಲ ಇದೆ.

ಮಗನಿಗೆ ಹೇಳಿ, ಕೋರ್ಸ್ ಪಟ್ಟಿ ತೆರೆಯುವ ಮೊದಲು ಒಂದು ವಾಕ್ಯದಲ್ಲಿ ತನ್ನ ಪ್ರಶ್ನೆ ಬರೆಯಲಿ. ‘ನನಗೆ ಲೀಡರ್‌ಶಿಪ್ ಇಷ್ಟ’ ಅಂತ ಬರೆದರೆ ಅದು ಪ್ರಶ್ನೆಯಲ್ಲ. ‘ಆಸ್ಪತ್ರೆಯಲ್ಲಿ ಶಿಫ್ಟ್ ಬದಲಾಗುವಾಗ ರೋಗಿಯ ವಿವರ ಯಾಕೆ ತಪ್ಪಿಹೋಗುತ್ತದೆ’ ಅಂತ ಬರೆದರೆ ಅದು ಪ್ರಶ್ನೆ. ಅದಕ್ಕೆ ಗುಂಪುಗಳ ಮನಶ್ಶಾಸ್ತ್ರ ಬೇಕು, ವೈದ್ಯಕೀಯ ಸಮಾಜಶಾಸ್ತ್ರ ಬೇಕು, ಆರೋಗ್ಯ ನೀತಿ ಒಂದಿಷ್ಟು ಬೇಕು, ಅಂಕಿ ಅಂಶ ಓದೋಕೆ ಸಂಖ್ಯಾಶಾಸ್ತ್ರ ಬೇಕು. ಮಾರ್ಕೆಟಿಂಗ್ ಬೇಡ, ಅದು ಎಷ್ಟೇ ಚೆನ್ನಾಗಿರಲಿ.

ಇನ್ನೊಂದು, ಒಂದು ವಿಷಯದಲ್ಲಾದರೂ ಕೆಳಗಿನಿಂದ ಮೇಲಿನವರೆಗೆ ಹೋಗಲಿ. 100ರ ಅಂಕಿಯ ಪರಿಚಯದ ಕೋರ್ಸುಗಳನ್ನೇ ಐದಾರು ಕಡೆ ಮಾಡಿ ಮುಗಿಸಿದರೆ ನಿಮ್ಮ ಭಯ ನಿಜವಾಗುತ್ತದೆ. ಸೋಷಿಯಾಲಜಿಯೋ ಸೈಕಾಲಜಿಯೋ ಯಾವುದೋ ಒಂದರಲ್ಲಿ 400ರ ಸೆಮಿನಾರ್ ತನಕ ಹೋಗಿ, ತಾನೇ ಮಾಹಿತಿ ಕಲೆಹಾಕಿ, ಉದ್ದದ ಪ್ರಬಂಧ ಒಂದನ್ನು ಬರೆದಿರಬೇಕು. ಉಳಿದ ಎರಡು ವಿಷಯಗಳಲ್ಲಿ ಅಲ್ಲಿನವರ ಮಾತು ಅರ್ಥವಾಗುವಷ್ಟು ಇದ್ದರೆ ಸಾಕು.

ಇಷ್ಟು ಸೇರಿದಾಗ ಏನು ಸಿಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 1949ರ ಆಗಸ್ಟ್‌ನಲ್ಲಿ ಮೊಂಟಾನಾದ ಮ್ಯಾನ್ ಗಲ್ಚ್ ಅನ್ನುವ ಕಣಿವೆಯಲ್ಲಿ ಕಾಡ್ಗಿಚ್ಚು ಆರಿಸಲು ಹೋದ 13 ಜನ ಸತ್ತರು. ಬೆಂಕಿ ಬೆನ್ನಟ್ಟಿ ಬರುತ್ತಿದ್ದಾಗ ತಂಡದ ನಾಯಕ ವ್ಯಾಗ್ನರ್ ಡಾಡ್ಜ್ ಎದುರಿಗಿದ್ದ ಹುಲ್ಲಿಗೆ ತಾವೇ ಬೆಂಕಿ ಹಚ್ಚಿ, ಸುಟ್ಟ ಜಾಗಕ್ಕೆ ಬನ್ನಿ ಅಂತ ಕೂಗಿದರು. ಸುಟ್ಟುಹೋದ ನೆಲದಲ್ಲಿ ದೊಡ್ಡ ಬೆಂಕಿಗೆ ಉರಿಯಲು ಏನೂ ಇರುವುದಿಲ್ಲ. ಒಬ್ಬರೂ ಬರಲಿಲ್ಲ. ಡಾಡ್ಜ್ ಬೂದಿಯಲ್ಲಿ ಮಲಗಿ ಬದುಕಿಕೊಂಡರು. ಮಿಶಿಗನ್‌ನಲ್ಲೇ ಪಾಠ ಮಾಡುತ್ತಿದ್ದ ಕಾರ್ಲ್ ವೈಕ್ 1993ರಲ್ಲಿ ಈ ಘಟನೆಯನ್ನು ತಗೊಂಡು ಬರೆದರು. ನಾಯಕ ಕೆಟ್ಟವನಿರಲಿಲ್ಲ, ಹುಡುಗರು ಹೇಡಿಗಳಿರಲಿಲ್ಲ. ಏನು ನಡೆಯುತ್ತಿದೆ ಅನ್ನುವ ಅರ್ಥವೂ, ಯಾರ ಪಾತ್ರ ಏನು ಅನ್ನುವ ಕಟ್ಟೂ ಒಟ್ಟಿಗೇ ಕುಸಿದವು, ಆಗ ಎದುರಿಗಿದ್ದ ಉಪಾಯ ಹುಚ್ಚುತನದ ಹಾಗೆ ಕಂಡಿತು ಅನ್ನುವುದು ಅವರ ವಿವರಣೆ. ಬರೀ ‘ಒಳ್ಳೆ ಲೀಡರ್ ಆಗುವುದು ಹೇಗೆ’ ಅಂತ ಕಲಿತವರಿಗೆ ಇದು ಕಾಣುವುದಿಲ್ಲ. ಮನಸ್ಸು, ಗುಂಪು, ಹುದ್ದೆ ಮೂರನ್ನೂ ಒಟ್ಟಿಗೆ ನೋಡಲು ಕಲಿತವರಿಗೆ ಕಾಣುತ್ತದೆ. ಮಗ ಅದನ್ನು ಕಲಿಯಲು ಹೊರಟಿದ್ದಾನೆ, ತಡೆಯಬೇಡಿ ಅಮ್ಮಾ.

ಪ್ರಶ್ನೆ: ಬಿಕಾಂ ಎರಡನೇ ವರ್ಷದಲ್ಲಿದ್ದೇನೆ. ಈಗ ವಿಷಯ ಬದಲಿಸೋಕೆ ಆಗಲ್ಲ. ನನಗೂ ಸಂಸ್ಥೆಗಳ ಬಗ್ಗೆ ಓದುವ ಆಸಕ್ತಿ ಬಂದಿದೆ. ತಡವಾಯ್ತಾ?
— ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಏನೂ ತಡವಾಗಿಲ್ಲ. ಬಿಎ ಹುಡುಗರಲ್ಲಿ ಬಹಳ ಜನಕ್ಕೆ ಬ್ಯಾಲೆನ್ಸ್ ಶೀಟ್ ಓದೋಕೆ ಬರಲ್ಲ, ನಿಮಗೆ ಬರುತ್ತದೆ. ಸಂಸ್ಥೆಯೊಂದು ಬಾಯಲ್ಲಿ ಹೇಳುವುದು ಒಂದು, ದುಡ್ಡು ಹೋಗುವ ದಾರಿ ಇನ್ನೊಂದು ಆಗಿರುತ್ತದೆ. ಅದನ್ನು ಹಿಡಿಯುವುದು ದೊಡ್ಡ ವಿದ್ಯೆ.

ಇಲ್ಲದ್ದನ್ನು ತುಂಬಿಕೊಳ್ಳಲು ಸ್ವಯಂ ಮತ್ತು ಎನ್‌ಪಿಟಿಇಎಲ್ ಜಾಲತಾಣಗಳಲ್ಲಿ ಸಮಾಜಶಾಸ್ತ್ರ, ಸಾಂಸ್ಥಿಕ ವರ್ತನೆ, ಸಂಶೋಧನಾ ವಿಧಾನದ ಕೋರ್ಸು ಹುಡುಕಿ, ಹಣ ಕೊಡದೆ ಕೇಳಬಹುದು. ಅದರ ಕ್ರೆಡಿಟ್ ನಿಮ್ಮ ಡಿಗ್ರಿಗೆ ಸೇರುತ್ತದಾ ಅಂತ ಕೋರ್ಸು ಶುರುವಾಗುವ ಮೊದಲೇ ಕಾಲೇಜಿನಲ್ಲಿ ಕೇಳಿಕೊಳ್ಳಿ.

ಒಂದು ರಜೆಯಲ್ಲಿ ಗದಗದ ಹತ್ತಿರದ ಕಣಗಿನಹಾಳಕ್ಕೆ ಹೋಗಿಬನ್ನಿ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು, ಮರುವರ್ಷವೇ ಸಿದ್ಧನಗೌಡ ಪಾಟೀಲರು ಅಲ್ಲಿ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಅಂತ ಅದನ್ನು ಕರೆಯುತ್ತಾರೆ. ಸಾಲಗಾರರ ಕಾಟ ಊರೂರಲ್ಲೂ ಇದ್ದ ಕಾಲ, ಕಾಯ್ದೆ ಎಲ್ಲರಿಗೂ ಒಂದೇ, ಆದರೂ ಆ ಊರಲ್ಲೇ ಮೊದಲು ಯಾಕಾಯಿತು? ನಿಮ್ಮ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆ ಪ್ರಶ್ನೆ ಯಾರೂ ಕೊಡಲಾರರು.

ಚಿಕ್ಕ ಸಂಸ್ಥೆ ಅಂತ ಕೀಳಾಗಿ ನೋಡಬೇಡಿ. ಅಮೆರಿಕದ ವಿದ್ವಾಂಸ ಹರ್ಬರ್ಟ್ ಸೈಮನ್ ವಿದ್ಯಾರ್ಥಿಯಾಗಿದ್ದಾಗ, 1935ರಲ್ಲಿ, ತಮ್ಮೂರು ಮಿಲ್ವಾಕಿಯ ಆಟದ ಮೈದಾನಗಳನ್ನು ನೋಡಿಕೊಳ್ಳುವ ಇಲಾಖೆಯ ಬಗ್ಗೆ ಓದಿದರು. ಶಾಲಾ ಮಂಡಳಿಗೆ ಮಕ್ಕಳನ್ನು ಆಡಿಸುವವರ ಮೇಲೆ ಖರ್ಚು ಮಾಡುವ ಆಸೆ, ಲೋಕೋಪಯೋಗಿ ಇಲಾಖೆಗೆ ಮೈದಾನದ ಮೇಲೆ. ಪುಸ್ತಕದ ಅರ್ಥಶಾಸ್ತ್ರ ಹೇಳುವ ಹಾಗೆ ಯಾರೂ ಲೆಕ್ಕ ಹಾಕುತ್ತಿರಲಿಲ್ಲ. ಇರುವಷ್ಟು ಮಾಹಿತಿಯಲ್ಲಿ, ತಾವು ಕೂತ ಜಾಗದಿಂದ ಕಂಡಷ್ಟರಲ್ಲಿ ಜನ ತೀರ್ಮಾನ ಮಾಡುತ್ತಾರೆ ಅನ್ನುವ ಅವರ ವಿಚಾರಕ್ಕೆ ಬೀಜ ಅಲ್ಲಿ ಬಿತ್ತು. ಪಿಎಚ್‌ಡಿ ರಾಜ್ಯಶಾಸ್ತ್ರದಲ್ಲಿ, ಪಾಠ ಮಾಡಿದ್ದು ಮನಶ್ಶಾಸ್ತ್ರ ಮತ್ತು ಕಂಪ್ಯೂಟರ್ ವಿಜ್ಞಾನ, 1978ರ ನೊಬೆಲ್ ಅರ್ಥಶಾಸ್ತ್ರಕ್ಕೆ.

ಪ್ರಶ್ನೆ: ಇದನ್ನೆಲ್ಲ ಓದಿದರೆ ಕೆಲಸ ಸಿಗುತ್ತಾ?
— ತಂದೆ, ಶಿವಮೊಗ್ಗ

ಉತ್ತರ: ಡಿಗ್ರಿ ಮುಗಿದ ತಕ್ಷಣ ‘ಸಂಸ್ಥಾ ಅಧ್ಯಯನಕಾರ ಬೇಕಾಗಿದ್ದಾರೆ’ ಅಂತ ಜಾಹೀರಾತು ಬರುವುದಿಲ್ಲ. ಮೂರು ವರ್ಷದ ಬಿಎಗೇ ಓದು ನಿಲ್ಲಿಸುವ ಪರಿಸ್ಥಿತಿ ಇದ್ದರೆ ಜೊತೆಗೆ ಎಕ್ಸೆಲ್, ಅಕೌಂಟ್ಸ್, ಇಂಗ್ಲಿಷ್ ಬರವಣಿಗೆ ಗಟ್ಟಿ ಮಾಡಿಸಿ. ಮುಂದೆ ಓದುವ ಹಾಗಿದ್ದರೆ ಒಳ್ಳೆಯ ದಾರಿಗಳಿವೆ. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಮಾನವ ಸಂಪನ್ಮೂಲದ ಸ್ನಾತಕೋತ್ತರ ಕೋರ್ಸ್ ಇದೆ. ಹಾಲಿನ ಸಹಕಾರದ ಊರಾದ ಆಣಂದ್‌ನಲ್ಲಿ 1979ರಲ್ಲಿ ಶುರುವಾದ ಇರ್ಮಾ ಇದೆ, ಅಲ್ಲಿ ಗ್ರಾಮೀಣ ಸಂಸ್ಥೆಗಳನ್ನು ನಡೆಸುವುದನ್ನೇ ಕಲಿಸುತ್ತಾರೆ. ಎರಡಕ್ಕೂ ಯಾವುದೇ ಡಿಗ್ರಿಯವರು ಅರ್ಜಿ ಹಾಕಬಹುದು, ಪ್ರವೇಶ ಪರೀಕ್ಷೆ ಇದೆ. ಎರಡನೇ ವರ್ಷದಿಂದಲೇ ತಯಾರಿ ಶುರು ಮಾಡಿಸಿ, ಶುಲ್ಕ ಮತ್ತು ವಿದ್ಯಾರ್ಥಿವೇತನದ ವಿವರ ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿ, ಹಳೆಯ ವರ್ಷದವರ ಮಾತು ನಂಬಿ ಹೊರಡಬೇಡಿ.