ಅಭಿಪ್ರಾಯ ನಿಮ್ಮದು, ಸಹಿಯೂ ನಿಮ್ಮದೇ ಇರಲಿ

ಸೋದರಿ,

ನಿಮ್ಮ ಲೇಖನ ಕೈಸೇರಿದೆ. ನಿಮಗೆ ಮಾತ್ರ ಕಾಗದ ಬರೆದು ಮುಗಿಸಬಹುದಿತ್ತು. ಆದರೆ ನಾನು ಹೇಳಬೇಕೆಂದಿರುವುದು ಹೊಸದಾಗಿ ಬರೆಯುವ ಇನ್ನೂ ಕೆಲವರ ಕಿವಿಗೆ ಬೀಳಲಿ ಎಂದು, ನಿಮ್ಮ ಹೆಸರು ಬಿಟ್ಟು ಈ ಅಂಕಣದಲ್ಲೇ ಉತ್ತರಿಸುತ್ತಿದ್ದೇನೆ. ಭಾಷೆ ಚೆನ್ನಾಗಿದೆ, ಕಾಗುಣಿತ ತಪ್ಪಿಲ್ಲ, ಹೇಳಬೇಕಾದ್ದನ್ನು ಹೇಳಿಬಿಡುವ ಧೈರ್ಯವಿದೆ. ಓದಿದಂದಿನಿಂದ ಲೇಖನ ತಲೆಯಿಂದ ಇಳಿದಿಲ್ಲ. ಸಿಟ್ಟೂ ಬಂದಿದೆ. ಅದಕ್ಕೆ ಕಾರಣ ಹೇಳುತ್ತೇನೆ.

ಓದುಗರಿಗೆ ಹಿನ್ನೆಲೆ ಇಷ್ಟು: ಈ ಸೋದರಿ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವರು. ಗಂಡ ಭೂಸೇನೆಯಲ್ಲಿದ್ದಾರೆ, ಈಗ ಫೀಲ್ಡ್ ಪೋಸ್ಟಿಂಗ್, ಅಂದರೆ ಕುಟುಂಬವನ್ನು ಜೊತೆಗಿಟ್ಟುಕೊಳ್ಳಲಾಗದ ಕಡೆ. ಹಾಗಾಗಿ ಇವರು ಮಗುವಿನೊಂದಿಗೆ ಅತ್ತೆ ಮನೆಯಲ್ಲಿದ್ದಾರೆ. ರಾಜಕೀಯದ ಸುದ್ದಿಗಳ ಬಗ್ಗೆ ತಮಗೆ ಅನಿಸಿದ್ದನ್ನು ಬರೆದಿದ್ದಾರೆ: ಕಾಶ್ಮೀರದ ಪಹಲ್ಗಾಮ್ ದಾಳಿಯ ನಂತರ ಪಾಕಿಸ್ತಾನದ ಜೊತೆ 2025ರ ಮೇ 7ರಂದು ಶುರುವಾಗಿ ಮೇ 10ಕ್ಕೆ ನಿಂತ ಸಂಘರ್ಷ, ಯುವಕರನ್ನು ನಾಲ್ಕು ವರ್ಷಕ್ಕೆಂದು ಸೈನ್ಯಕ್ಕೆ ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆ, ಮತ್ತೆ ಅದೇ ವರ್ಷ ಡಿಸೆಂಬರಿನ ಪಂಚಾಯತ್ ಚುನಾವಣೆಯಲ್ಲಿ ತಮ್ಮ ಪೇಟೆಯಲ್ಲಿ ಕಂಡ, ಅಭ್ಯರ್ಥಿಯ ಮುಖದ ಹಿಂದೆ ಯುದ್ಧವಿಮಾನ ಹಾರುತ್ತಿರುವ ಫ್ಲೆಕ್ಸ್.

ನಿಮ್ಮ ಮೊದಲ ವಾಕ್ಯ: ‘ಒಬ್ಬ ಸೈನಿಕನ ಪತ್ನಿಯಾಗಿ ಈ ಮಾತು ಹೇಳುವ ಅಧಿಕಾರ ನನಗಿದೆ.’

ಈ ವಾಕ್ಯ ತೆಗೆಯಿರಿ. ಅಧಿಕಾರ ನಿಮಗೆ ಇಲ್ಲವೆಂದಲ್ಲ. ನೀವು ಓಟು ಹಾಕುವ ಪ್ರಜೆ, ಅಷ್ಟು ಸಾಕು. ಹೀಗೆ ಶುರು ಮಾಡಿದ ಕೂಡಲೇ ಓದುಗನ ಬಾಯಿ ಕಟ್ಟಿಹಾಕಿದಂತಾಗುತ್ತದೆ. ಮುಂದೆ ನೀವು ಹೇಳಿದ್ದನ್ನು ಅವನು ಒಪ್ಪದಿದ್ದರೆ ಸೈನಿಕನಿಗೇ ಅಗೌರವ ಮಾಡಿದ ಹಾಗೆ. ಹಾಗೆಂದು ಒಪ್ಪಿದರೂ ನಿಮ್ಮ ವಾದವನ್ನು ಒಪ್ಪಿದ್ದಲ್ಲ, ನಿಮ್ಮ ಗಂಡನ ಸಮವಸ್ತ್ರಕ್ಕೆ ತಲೆಬಾಗಿದ್ದು. ಇದೇ ಲೇಖನದ ಕೊನೆಯ ಭಾಗದಲ್ಲಿ ಆ ಫ್ಲೆಕ್ಸ್ ಬಗ್ಗೆ ಬರೆಯುತ್ತ ‘ಸೈನಿಕರನ್ನು ಮುಂದಿಟ್ಟುಕೊಂಡು ಓಟು ಕೇಳುವುದು ನಾಚಿಕೆಗೇಡು’ ಎಂದಿದ್ದೀರಿ. ನೂರಕ್ಕೆ ನೂರು ಸರಿ. ಆದರೆ ಪಕ್ಷದವರು ಫ್ಲೆಕ್ಸಿನಲ್ಲಿ ಮಾಡಿದ್ದನ್ನೇ ನೀವು ಮೊದಲ ಸಾಲಿನಲ್ಲಿ ಮಾಡಿದ್ದೀರಲ್ಲ? ಅವರು ಕೇಳಿದ್ದು ಓಟು, ನೀವು ಕೇಳಿದ್ದು ಒಪ್ಪಿಗೆ.

ಎರಡನೆಯ ಪ್ಯಾರಾ: ‘ನಾವೆಲ್ಲ ಸೈನಿಕ ಕುಟುಂಬದವರು ಕದನ ವಿರಾಮವನ್ನು ಮನಃಪೂರ್ವಕ ಸ್ವಾಗತಿಸುತ್ತೇವೆ.’

ಈ ‘ನಾವೆಲ್ಲ’ ಕಂಡರೆ ನನಗೆ ಆಗುವುದಿಲ್ಲ. ಕಾಸರಗೋಡಿನಲ್ಲಿ ಹುಟ್ಟಿದವನಿಗೆ ಆಗಲೂಬಾರದು. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಮ್ಮ ಪರವಾಗಿ ಯಾರ್ಯಾರೋ ಮಾತಾಡಿದ್ದಾರೆ. ‘ಗಡಿನಾಡ ಕನ್ನಡಿಗರೆಲ್ಲರ ಒಕ್ಕೊರಲ ಬೇಡಿಕೆ’ ಎಂದು ಆ ಕಡೆಯ ವೇದಿಕೆಯಿಂದ ಒಂದು, ‘ಇಲ್ಲಿಯ ಕನ್ನಡಿಗರಿಗೆ ಯಾವ ಕೊರತೆಯೂ ಇಲ್ಲ’ ಎಂದು ಈ ಕಡೆಯ ವೇದಿಕೆಯಿಂದ ಇನ್ನೊಂದು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಹೇಳಿದ್ದು ಇಂದಾದರೂ ಜಾರಿಯಾಗಲಿ ಎನ್ನುವವರು ನಮ್ಮಲ್ಲಿದ್ದಾರೆ. ಆ ಮಾತು ಮುಗಿಯಿತು, ಗ್ರಾಮ ಕಚೇರಿಯಲ್ಲಿ ಕನ್ನಡದ ಅರ್ಜಿ ಫಾರಂ, ಶಾಲೆಯಲ್ಲಿ ಕನ್ನಡ ಬಲ್ಲ ಮೇಷ್ಟ್ರು ಸಿಕ್ಕಿದರೆ ಸಾಕು ಎನ್ನುವವರೂ ಇದ್ದಾರೆ. ಒಂದೇ ಮನೆಯ ಅಣ್ಣತಮ್ಮಂದಿರಲ್ಲೇ ಈ ಎರಡು ಮಾತಿದೆ. ಸೈನಿಕರ ಮನೆಗಳಲ್ಲೂ ಹಾಗೇ ತಾನೇ? ಮೇ 10ರ ಸಂಜೆ ಫೈರಿಂಗ್ ನಿಂತಿತು ಎಂದಾಗ ನಿಟ್ಟುಸಿರು ಬಿಟ್ಟವರಿದ್ದರು, ಅರ್ಧಕ್ಕೇ ನಿಲ್ಲಿಸಿಬಿಟ್ಟರಲ್ಲ ಎಂದವರೂ ಇದ್ದರು. ಪಹಲ್ಗಾಮಿನಲ್ಲಿ ಏಪ್ರಿಲ್ 22ರಂದು ಸತ್ತ 26 ಜನರನ್ನು ನೆನೆದು ಹಾಗೆ ಅಂದವರು ಸೈನಿಕರ ಹೆಂಡತಿಯರಲ್ಲೇ ಇದ್ದಿರಬಹುದು. ಅವರ ಮಾತನ್ನೂ ನೀವೇ ಆಡಿಬಿಟ್ಟರೆ ಹೇಗೆ? ‘ನಾನು’ ಎಂದು ಬರೆಯಿರಿ.

ಅದರ ಬೆನ್ನಿಗೇ: ‘ಯುದ್ಧ ಬೇಕೆನ್ನುವವರು ಮೊದಲು ತಮ್ಮ ಮನೆಯಿಂದ ಒಬ್ಬನನ್ನು ಗಡಿಗೆ ಕಳುಹಿಸಲಿ.’

ಈ ಸಾಲಿನ ಹಿಂದಿರುವ ಸಂಕಟ ನನಗೆ ಗೊತ್ತಾಗುತ್ತದೆ. ಟಿವಿಯಲ್ಲಿ ಕೂತು ಬೊಬ್ಬೆ ಹೊಡೆಯುವವರನ್ನು ಕಂಡು ನನಗೂ ಹೊಟ್ಟೆ ಉರಿದಿದೆ. ಆದರೂ ಒಮ್ಮೆ ಯೋಚಿಸಿ. ಮನೆಯಿಂದ ಒಬ್ಬನನ್ನು ಕಳುಹಿಸಿದವರಿಗೆ ಮಾತ್ರ ಯುದ್ಧದ ವಿಷಯ ಮಾತಾಡುವ ಹಕ್ಕಿದ್ದರೆ, ಯುದ್ಧ ಬೇಡವೆನ್ನುವ ಹಕ್ಕೂ ಮಿಕ್ಕವರಿಗೆ ಇರುವುದಿಲ್ಲ. ನಮ್ಮ ಮನೆಯಿಂದ ಯಾರೂ ಸೈನ್ಯಕ್ಕೆ ಹೋದವರಲ್ಲ. ನಾನು ಸುಮ್ಮನಿರಬೇಕೋ? ಸೈನ್ಯವನ್ನು ಎಲ್ಲಿಗೆ, ಯಾಕೆ ಕಳುಹಿಸಿದಿರಿ ಎಂದು ಸರ್ಕಾರವನ್ನು ಕೇಳಬೇಕಾದವರು ಸೈನಿಕರಲ್ಲದ ನಾವೇ. ನಿಮ್ಮ ಯಜಮಾನರು ಕೇಳುವ ಹಾಗಿಲ್ಲ. ಅವರ ಪಾಲಿನದ್ದನ್ನೂ ಸೇರಿಸಿ ನಾವು ಕೇಳಬೇಕು.

ಇನ್ನು ನನಗೆ ಸಿಟ್ಟಿನ ಜೊತೆ ಹೆದರಿಕೆಯನ್ನೂ ತಂದ ಸಾಲು: ‘ಫೋನಿನಲ್ಲಿ ಇವರು ಹೇಳಿದ್ದೂ ಇದನ್ನೇ.’ ಅದರ ಹಿಂದಿನ ಸಾಲಿನಲ್ಲಿ ಅವರ ಯೂನಿಟ್ ಯಾವುದು, ಎಲ್ಲಿದೆ ಎಂಬುದನ್ನೂ ಬರೆದಿದ್ದೀರಿ. ಆ ಎರಡು ಸಾಲನ್ನು ನಾನು ಆಗಲೇ ಹೊಡೆದುಹಾಕಿದ್ದೇನೆ.

ಲೇಖನದ ಜೊತೆಗಿಟ್ಟ ಚೀಟಿಯಲ್ಲಿ ‘ನನ್ನ ಹೆಸರು ಹಾಕಬೇಡಿ, ಅವರಿಗೆ ತೊಂದರೆಯಾದೀತು’ ಎಂದಿದ್ದೀರಿ. 1954ರ ಸೇನಾ ನಿಯಮಗಳ 21ನೆಯ ನಿಯಮ ಇರುವುದು ಸೈನಿಕರಿಗೆ: ಅನುಮತಿಯಿಲ್ಲದೆ ರಾಜಕೀಯ ವಿಷಯವಾಗಲಿ ಸೇವೆಯ ವಿಷಯವಾಗಲಿ ಪತ್ರಿಕೆಗೆ ತಿಳಿಸಬಾರದು, ಪ್ರಕಟಿಸಬಾರದು. ಮನೆಯಲ್ಲಿರುವ ಹೆಂಡತಿಯ ಕೈಯನ್ನು ಆ ನಿಯಮ ಕಟ್ಟುವುದಿಲ್ಲ. ನಿಮ್ಮ ಹೆಸರಿನಲ್ಲಿ ನಿಮ್ಮ ಅಭಿಪ್ರಾಯ ಬಂದರೆ ಅದು ನಿಮ್ಮದು. ‘ಇವರು ಹೇಳಿದ್ದೂ ಇದನ್ನೇ’ ಎಂದ ಕ್ಷಣ ಅದು ಅವರದ್ದಾಗುತ್ತದೆ. ಕಾಪಾಡಬೇಕೆಂದುಕೊಂಡ ಮನುಷ್ಯನನ್ನೇ ನೀವು ತಂದು ಮುಂದೆ ನಿಲ್ಲಿಸಿದ್ದೀರಿ, ಹಿಂದೆ ನಿಂತದ್ದು ನೀವು. ಅಡಗಬೇಕಾದವರು ಅಡಗಲಿಲ್ಲ, ಎದುರು ಬರಬೇಕಾದವರು ಬರಲಿಲ್ಲ. ಬರವಣಿಗೆಯ ಲೆಕ್ಕದಲ್ಲೂ ಅದು ಸೋತ ಸಾಲು. ನಿಮ್ಮ ವಾದ ಅಲ್ಲಿಯವರೆಗೆ ಸರಿಯಾಗಿಯೇ ನಡೆದು ಬಂದಿತ್ತು, ಕೊನೆಗೆ ಗಂಡನ ಸಾಕ್ಷಿ ಯಾಕೆ ಬೇಕಾಯಿತು?

ನಾನು ಕೆಲಸ ಕಲಿತದ್ದು ಕಾಸರಗೋಡಿನ ಒಂದು ಪತ್ರಿಕೆಯಲ್ಲಿ, ಅಚ್ಚಿನ ಮೊಳೆ ಜೋಡಿಸುವ ಕಾಲ. ಕರಡು ತಿದ್ದುವುದು, ವಾಚಕರ ಪತ್ರ ಆರಿಸುವುದು ನನ್ನ ಪಾಲಿಗಿತ್ತು. ಪತ್ರಗಳ ಕೆಳಗೆ ‘ಒಬ್ಬ ನಿವೃತ್ತ ಶಿಕ್ಷಕ’, ‘ಒಬ್ಬ ನೊಂದ ತಾಯಿ’ ಎಂದೆಲ್ಲ ಸಹಿ ಇರುತ್ತಿತ್ತು. ನಮ್ಮ ಹಿರಿಯ ಉಪಸಂಪಾದಕರು ಆ ಸಹಿಯ ಮೇಲೆ ಹೆಬ್ಬೆರಳಿಟ್ಟು ಮುಚ್ಚಿ, ‘ಈಗ ಓದಿ ನೋಡು, ನಿಲ್ಲುತ್ತದಾ?’ ಎಂದು ಕೇಳುತ್ತಿದ್ದರು. ಬೆರಳಿಗೆ ಮಸಿ ಹತ್ತಿರುತ್ತಿತ್ತು, ಕಾಗದದ ಮೇಲೆ ಅಚ್ಚು ಬೀಳುತ್ತಿತ್ತು. ಎಷ್ಟೋ ಪತ್ರಗಳು ನಿಲ್ಲುತ್ತಿರಲಿಲ್ಲ.

ಶ್ರೀಲಂಕಾಕ್ಕೆ ನಮ್ಮ ಶಾಂತಿಪಾಲನಾ ಪಡೆ ಹೋದ ಸಮಯ ಅದು. 1987ರ ಜುಲೈ 29ರಂದು ಒಪ್ಪಂದ, ಅಕ್ಟೋಬರ್ ಹೊತ್ತಿಗೆ ಶಾಂತಿ ಕಾಯಲು ಹೋದವರೇ ಅಲ್ಲಿಯ ತಮಿಳು ಬಂಡುಕೋರರ ಸಂಘಟನೆ ಎಲ್‌ಟಿಟಿಇ ಜೊತೆ ಹೋರಾಟದಲ್ಲಿದ್ದರು. 1990ರ ಮಾರ್ಚಿನಲ್ಲಿ ಕೊನೆಯ ತುಕಡಿ ಮರಳುವಷ್ಟರಲ್ಲಿ ಸುಮಾರು 1,200 ಭಾರತೀಯ ಸೈನಿಕರು ಸತ್ತಿದ್ದರು. ಆ ದಿನಗಳಲ್ಲಿ ಒಂದು ಇನ್‌ಲ್ಯಾಂಡ್ ಲೆಟರ್ ಬಂತು, ಹೆಂಗಸಿನ ಹೆಸರು, ಕುಂಬಳೆಯ ಆಚೆಯ ವಿಳಾಸ. ಶಾಂತಿ ಕಾಪಾಡಲು ಎಂದು ಕಳುಹಿಸಿದಿರಿ, ಈಗ ಯಾರೊಂದಿಗೆ ಯುದ್ಧ? ಯಾವಾಗ ಮುಗಿಯುತ್ತದೆಂದು ಪಾರ್ಲಿಮೆಂಟಿನಲ್ಲಿ ಯಾರಾದರೂ ಹೇಳಿದ್ದಾರಾ? ನಮ್ಮ ಸಂಸದರು ಕೇಳಿದ್ದಾರಾ? ಇಷ್ಟೇ. ಹಿರಿಯರು ಬೆರಳಿಡಲೇ ಇಲ್ಲ, ನೇರ ಮೊಳೆ ಜೋಡಿಸುವವರ ಕೈಗೆ ಕೊಟ್ಟರು. ಆಕೆಯ ಗಂಡ ಅಲ್ಲೇ, ಆ ಪಡೆಯಲ್ಲೇ ಇದ್ದಾನೆಂದು ಅವರಿಗೆ ಗೊತ್ತಿತ್ತು. ಗೊತ್ತಾದ ಮೇಲೆ ನಮ್ಮಲ್ಲೊಬ್ಬರು, ‘ಹಾಗಾದರೆ ತಲೆಬರಹದಲ್ಲಿ ಯೋಧನ ಪತ್ನಿ ಎಂದು ಹಾಕೋಣ, ಎಲ್ಲರೂ ಓದುತ್ತಾರೆ’ ಎಂದರು. ಹಿರಿಯರು ಒಪ್ಪಲಿಲ್ಲ. ‘ಅವಳು ಬರೆಯದೆ ಬಿಟ್ಟದ್ದನ್ನು ನಾವು ಬರೆಯುವುದು ಬೇಡ’ ಎಂದರು. ಆ ಹೆಂಗಸನ್ನು ನಾನು ನೋಡಿದವನಲ್ಲ. ಆದರೆ ರಾಜಕೀಯದ ಬಗ್ಗೆ ಯಾರ ಲೇಖನ ಬಂದರೂ ಆ ಮೂರು ಪ್ರಶ್ನೆಗಳ ಪಕ್ಕದಲ್ಲಿಟ್ಟು ನೋಡುವ ಅಭ್ಯಾಸ ಹೋಗಿಲ್ಲ.

ಹಾಗೆಂದು ಗಂಡ ಸೈನ್ಯದಲ್ಲಿದ್ದಾರೆ ಎಂಬುದನ್ನು ಮುಚ್ಚಿಡಿ ಎನ್ನುತ್ತಿಲ್ಲ. ಅದರಿಂದ ನಿಮಗೆ ತಿಳಿದುಬಂದ ಸಂಗತಿಗಳಿವೆ, ಅವು ಬರಲಿ. ಅಗ್ನಿಪಥದ ಪ್ಯಾರಾದಲ್ಲಿ ಅದಕ್ಕೆ ಜಾಗವಿತ್ತು, ಅಲ್ಲಿಯೇ ಕೈಬಿಟ್ಟಿದ್ದೀರಿ. ‘ಯೋಜನೆಯನ್ನು ಜಾರಿಗೊಳಿಸಲಾಯಿತು. ಯುವಕರ ಭವಿಷ್ಯದ ಜೊತೆ ಆಟವಾಡಲಾಗುತ್ತಿದೆ. ನಾಲ್ಕು ವರ್ಷ ದುಡಿಸಿಕೊಂಡು ಬರಿಗೈಯಲ್ಲಿ ಕಳುಹಿಸಲಾಗುತ್ತಿದೆ.’

ಜಾರಿಗೊಳಿಸಿದ್ದು ಯಾರು? ಆಟವಾಡುತ್ತಿರುವವರು ಯಾರು? ರಾಜಕೀಯ ಬರೆಯುವವರು ಮಾಡಿದವರ ಹೆಸರನ್ನೇ ನುಂಗಿದರೆ ಮತ್ತೇನು ಉಳಿಯಿತು? 2022ರ ಜೂನ್ 14ರಂದು ಕೇಂದ್ರ ಸಚಿವ ಸಂಪುಟ ಒಪ್ಪಿತು, ರಕ್ಷಣಾ ಸಚಿವ ರಾಜನಾಥ್ ಸಿಂಗ್ ಅವರು ಮೂರೂ ಸೇನೆಗಳ ಮುಖ್ಯಸ್ಥರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರಕಟಿಸಿದರು. ಹಾಗೆ ಬರೆಯಿರಿ. ‘ಬರಿಗೈ’ ಎಂಬುದಂತೂ ಸುಳ್ಳು, ನಿಮ್ಮನ್ನು ಒಪ್ಪದವನು ಮೊದಲು ಹಿಡಿಯುವುದು ಅದನ್ನೇ. ಹೊರಬರುವವನಿಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ ಇದೆ. ಆದರೆ ಆ ನಿಧಿಗೆ ತುಂಬಿದ ಮೊತ್ತದಲ್ಲಿ ಅರ್ಧ ಅವನದೇ ದುಡ್ಡು. ಮೊದಲ ವರ್ಷದ ತಿಂಗಳ 30,000ದಲ್ಲಿ 9,000 ಅದಕ್ಕೇ ಕಡಿತ, ಕೈಗೆ ಬರುವುದು 21,000. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ, ಖಾಯಂ ಆಗುವವರು ಹೆಚ್ಚೆಂದರೆ ನೂರಕ್ಕೆ 25. ‘ಬರಿಗೈ’ ಎಂದು ಕೂಗುವುದಕ್ಕಿಂತ ಈ ಲೆಕ್ಕ ಹೆಚ್ಚು ಚುಚ್ಚುತ್ತದೆ. ಪಿಂಚಣಿಯ ಭರವಸೆ ಇರುವ ಗಂಡನ ಸಂಬಳದಲ್ಲಿ ಮನೆ ನಡೆಸುವ ನೀವು ಈ ಎರಡನ್ನು ಅಕ್ಕಪಕ್ಕ ಇಟ್ಟು ನೋಡಬಲ್ಲವರು.

ಅದೇ ಪ್ಯಾರಾದ ನಡುವೆ ಅರ್ಧ ಸಾಲು ಹೀಗಿದೆ: ‘ಮೈದುನ ಮಾತ್ರ ಬೆಳಿಗ್ಗೆ ಐದಕ್ಕೇ ಎದ್ದು ಶಾಲಾ ಮೈದಾನದಲ್ಲಿ ಓಡುತ್ತಿದ್ದಾನೆ.’

ಅಂದರೆ ಅಗ್ನಿಪಥಕ್ಕೆ ಹುಡುಗರನ್ನು ಆರಿಸುವ ಅಗ್ನಿವೀರ ರ‍್ಯಾಲಿಯ 1.6 ಕಿಲೋಮೀಟರ್ ಓಟಕ್ಕೆ ತಯಾರಿ! ಅತ್ತಿಗೆ ಈ ಯೋಜನೆ ರದ್ದಾಗಬೇಕೆಂದು ಲೇಖನ ಬರೆಯುತ್ತಿದ್ದಾರೆ, ಅದೇ ಮನೆಯ ಹುಡುಗ ಅದಕ್ಕೆ ಸೇರಲು ಓಡುತ್ತಿದ್ದಾನೆ, ಅಣ್ಣ ಹಳೆಯ ಕ್ರಮದಲ್ಲಿ ಸೇರಿದವನು. ಊಟಕ್ಕೆ ಕೂತಾಗ ನಿಮ್ಮಲ್ಲಿ ಈ ಮಾತು ಬರುವುದಿಲ್ಲವೇ? ಅವನು ಏನನ್ನುತ್ತಾನೆ? ಬೇರೆ ಕೆಲಸ ಎಲ್ಲಿದೆ ಅತ್ತಿಗೆ ಎನ್ನುತ್ತಾನೋ, ನಾಲ್ಕು ವರ್ಷವಾದರೂ ಸಿಗಲಿ ಎನ್ನುತ್ತಾನೋ? ಅದಕ್ಕೆ ನೀವೇನು ಉತ್ತರ ಕೊಡುತ್ತೀರಿ? ನಿಮ್ಮನ್ನು ಎದುರಿಸಬಲ್ಲವನು ಒಂದೇ ಮನೆಯಲ್ಲಿದ್ದಾನೆ, ಅವನಿಗೆ ಅರ್ಧ ಸಾಲು ಕೊಟ್ಟು ಮುಂದೆ ಹೋಗಿದ್ದೀರಿ. ಅವನ ಒಪ್ಪಿಗೆ ಕೇಳಿ, ಅವನ ಮಾತನ್ನು ಅವನಾಡಿದಂತೆಯೇ ಬರೆಯಿರಿ. ಅದಕ್ಕೆ ನಿಮ್ಮ ಉತ್ತರ ನಿಲ್ಲದಿದ್ದರೆ ನಿಲ್ಲದಂತೆಯೇ ಇರಲಿ.

ಸೈನಿಕರ ಮನೆಯ ಹೆಂಗಸರು ಕಾಯುವುದನ್ನು, ಕಣ್ಣೀರನ್ನು ಬರೆಯಲಿ, ಅಭಿಪ್ರಾಯ ಬೇರೆಯವರು ಬರೆಯುತ್ತಾರೆ ಎನ್ನುವ ಪತ್ರಿಕೆ ಇದಲ್ಲ. ಕಣ್ಣೀರಿನ ಲೇಖನಗಳು ಬೇಕಾದಷ್ಟು ಬರುತ್ತವೆ. ನನಗೆ ಬೇಕಿರುವುದು ನಿಮ್ಮ ಅಭಿಪ್ರಾಯವೇ, ಅದೂ ನಿಮ್ಮ ಕಾಲಮೇಲೆ ನಿಂತದ್ದು.

ಉಳಿದಂತೆ, ಫ್ಲೆಕ್ಸ್ ಯಾವ ಪಕ್ಷದ್ದೆಂದು ನೀವು ಬರೆದಿಲ್ಲ. ಬರೆಯಿರಿ. ಎರಡು ಪಕ್ಷದ್ದು ಕಂಡಿದ್ದರೆ ಎರಡನ್ನೂ ಬರೆಯಿರಿ. ಪಾಕಿಸ್ತಾನದ ಬಾಲಾಕೋಟ್ ಮೇಲೆ ನಮ್ಮ ವಾಯುಪಡೆಯ ದಾಳಿಯಾದ ಬೆನ್ನಿಗೇ, 2019ರ ಮಾರ್ಚ್ 9ರಂದು, ಪ್ರಚಾರದಲ್ಲಿ ಸೈನಿಕರ ಚಿತ್ರ ಬಳಸಬೇಡಿ ಎಂದು ಕೇಂದ್ರ ಚುನಾವಣಾ ಆಯೋಗ ಎಲ್ಲ ಪಕ್ಷಗಳಿಗೆ ತಿಳಿಸಿತ್ತು, ಅದನ್ನು ಸೇರಿಸಿಕೊಳ್ಳಿ. ಪಂಚಾಯತ್ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ, ಅದು ಇಲ್ಲಿಗೆ ಅನ್ವಯಿಸದು ಎಂದು ವಾದಿಸುವವರು ಬರುತ್ತಾರೆ. ಅದಕ್ಕೂ ಒಂದು ಸಾಲಿನ ಉತ್ತರ ಇರಲಿ. ತಿದ್ದಿದ ಪ್ರತಿಯ ಕೆಳಗೆ ನಿಮ್ಮ ಪೂರ್ತಿ ಹೆಸರು ಹಾಕಿ ಕಳುಹಿಸಿ. ಬೈಗುಳದ ಪತ್ರಗಳು ಬಂದರೆ ಮೊದಲು ನನ್ನ ಮೇಜಿಗೇ ಬರುತ್ತವೆ. ವಾದ ಇರುವಂಥವನ್ನು ಪ್ರಕಟಿಸುತ್ತೇನೆ, ಉತ್ತರಿಸಲು ನಿಮಗೂ ಅಷ್ಟೇ ಜಾಗ ಕೊಡುತ್ತೇನೆ.

ಸಂಪಾದಕ