ಚಿಪ್ಪು ಒಡೆದು ಮರಿಗೆ ಸಹಾಯ ಮಾಡಬಹುದಾ?

ಹೊಸದಾಗಿ ಇನ್‌ಕ್ಯುಬೇಟರ್ (ಕೋಳಿ ಮೊಟ್ಟೆಗೆ ಕಾವು ಕೊಡುವ ಡಬ್ಬಿ) ತಂದಿದ್ದೇನೆ, ಮರಿ ಹೊರಗೆ ಬರೋಕೆ ಒದ್ದಾಡುತ್ತಿದ್ದರೆ ನಾವೇ ಚಿಪ್ಪು ಬಿಡಿಸಬಹುದಾ, ಮೊದಲ ವಾರ ಹೇಗೆ ನೋಡಿಕೊಳ್ಳಬೇಕು ಅಂತ ಕೇಳಿದ್ದೀರಿ. ನಾನೂ ಹೊಸಬನೇ, ಒಂದೇ ಸಲ ಮಾಡಿದ್ದೇನೆ. ಆದರೆ ನೀವು ಕೇಳಿರುವ ತಪ್ಪನ್ನೇ ಮಾಡಿ ಒಂದು ಮರಿ ಕಳೆದುಕೊಂಡವನು, ಅದಕ್ಕೇ ಬರೆಯುತ್ತಿದ್ದೇನೆ.

12 ಮೊಟ್ಟೆ ಇಟ್ಟಿದ್ದೆ. 7ನೇ ದಿನ ರಾತ್ರಿ ಟಾರ್ಚ್ ಹಿಡಿದು ನೋಡಿದಾಗ ಒಂಬತ್ತರಲ್ಲಿ ಜೇಡರ ಬಲೆಯಂತೆ ರಕ್ತನಾಳ ಕಂಡವು. ಉಳಿದ ಮೂರು ಖಾಲಿ, ತೆಗೆದುಬಿಟ್ಟೆ. ದಿನಕ್ಕೆ ಮೂರು ಸಲ ತಿರುಗಿಸುತ್ತಿದ್ದೆ. 18ನೇ ದಿನ ತಿರುಗಿಸುವುದನ್ನು ನಿಲ್ಲಿಸಿ, ನೀರು ಹಾಕಿ ತೇವಾಂಶವನ್ನು ಸುಮಾರು ಶೇ. 65-70ಕ್ಕೆ ಏರಿಸಿದೆ. ಅಲ್ಲಿವರೆಗೆ 50ರ ಆಸುಪಾಸಿನಲ್ಲಿತ್ತು.

21ನೇ ದಿನ ಏನೂ ಆಗಲಿಲ್ಲ. ನನಗೋ ಗಾಬರಿ. ಆಮೇಲೆ ಬೇರೆ ಥರ್ಮಾಮೀಟರ್ ಇಟ್ಟು ನೋಡಿದರೆ ಡಬ್ಬಿ 37.5 ಅಂತ ತೋರಿಸುತ್ತಿದ್ದರೂ ಒಳಗೆ ಅಷ್ಟಿರಲಿಲ್ಲ. ಕಾವು ಕಡಿಮೆಯಾದರೆ ಮರಿ ತಡವಾಗಿ ಬರುತ್ತೆ. ನೀವು ಮೊಟ್ಟೆ ಇಡುವ ಮೊದಲೇ ಈ ಪರೀಕ್ಷೆ ಮಾಡಿಬಿಡಿ.

22ನೇ ದಿನ ಬೆಳಿಗ್ಗೆ ಚಿಪ್ಪಿನೊಳಗಿಂದ ಚಿಂವ್ ಚಿಂವ್ ಕೇಳಿಸಿತು. ಒಂದು ಮೊಟ್ಟೆಯಲ್ಲಿ ಸಣ್ಣ ತೂತು ಬಿತ್ತು, ಆಮೇಲೆ ಎಂಟು ಗಂಟೆ ಅಲ್ಲಾಡಲಿಲ್ಲ. ತಡೆಯಲಾರದೆ ಮುಚ್ಚಳ ತೆಗೆದೆ, ಮತ್ತೆ ಮತ್ತೆ ತೆಗೆದೆ, ಕೊನೆಗೆ ಉಗುರಿನಿಂದ ಚಿಪ್ಪು ಬಿಡಿಸೋಕೆ ಹೋದೆ. ಒಳಪೊರೆ ಹರಿದು ರಕ್ತ ಬಂತು. ಮರಿ ಉಳಿಯಲಿಲ್ಲ.

ಆ ಎಂಟು ಗಂಟೆ ಅದು ಸುಮ್ನೆ ಇರಲಿಲ್ಲ. ಶ್ವಾಸಕೋಶದಿಂದ ಉಸಿರಾಡೋದು ಕಲಿಯುತ್ತಿತ್ತು, ಪೊರೆಯ ನಾಳಗಳಲ್ಲಿದ್ದ ರಕ್ತವನ್ನೂ ಉಳಿದ ಹಳದಿಯನ್ನೂ ಮೈಯೊಳಗೆ ಎಳೆದುಕೊಳ್ಳುತ್ತಿತ್ತು. ಮೊದಲ ತೂತಿನಿಂದ ಹೊರಬರೋಕೆ 24 ಗಂಟೆ ಹಿಡಿದರೂ ಅದು ಮಾಮೂಲಿ. ಮುಚ್ಚಳ ತೆಗೆದಷ್ಟೂ ತೇವಾಂಶ ಹೋಗಿ, ಪೊರೆ ಒಣಗಿ ಉಳಿದ ಮರಿಗಳಿಗೂ ಅಂಟಿಕೊಳ್ಳುತ್ತೆ. ಹಾಗಾಗಿ ನನ್ನ ಉತ್ತರ: ಬೇಡ. ನಾನಂತೂ ಇನ್ನೊಂದು ಸಲ ಇಟ್ಟರೆ ಡಬ್ಬಿ ಇರುವ ಕೋಣೆಗೇ ಹೋಗಲ್ಲ.

ಇನ್ನೊಂದು ಮೊಟ್ಟೆ ಒಡೆಯಲೇ ಇಲ್ಲ, ಏಳು ಮರಿ ಬಂದವು. ಮೊದಲು ಹೊರಬಂದವನ್ನು ಊಟಕ್ಕೆ ಅಂತ ಅವಸರದಲ್ಲಿ ತೆಗೆಯಬೇಕಿಲ್ಲ. ಒಳಗೆ ಎಳೆದುಕೊಂಡ ಹಳದಿಯೇ ಒಂದೆರಡು ದಿನಕ್ಕೆ ಸಾಕು. ಮೈ ಒಣಗಿ ಉಬ್ಬಿದ ಮೇಲೆ ತೆಗೆಯಿರಿ.

ಹೊರತೆಗೆದ ಮರಿಗಳನ್ನು ಇಡುವ ಬೇರೆ ಡಬ್ಬದಲ್ಲಿ ನಾನು ನ್ಯೂಸ್‌ಪೇಪರ್ ಹಾಸಿದ್ದೆ, ಅದು ಎರಡನೇ ತಪ್ಪು. ಜಾರಿ ಜಾರಿ ಒಂದು ಮರಿಯ ಕಾಲುಗಳು ಎರಡು ಕಡೆ ಹರಡಿಕೊಂಡವು. ಎರಡು ಕಾಲಿಗೂ ಸೇರಿಸಿ ಮೆತ್ತನೆಯ ಬ್ಯಾಂಡೇಜ್ ಪಟ್ಟಿ ಕಟ್ಟಿ, ಕೆಳಗೆ ಒರಟು ಬಟ್ಟೆ ಹಾಸಿದೆ. ನಾಲ್ಕು ದಿನದಲ್ಲಿ ಸರಿಹೋಯಿತು. ನೀರಿನ ತಟ್ಟೆ ಆಳ ಇರಬಾರದು, ಗೋಲಿ ಅಥವಾ ಕಲ್ಲು ಹಾಕಿಡಿ, ಇಲ್ಲದಿದ್ದರೆ ಮುಳುಗುತ್ತವೆ. ಮರಿಗಳಿಗೆ ಅಂತಲೇ ಸಿಗುವ ಸ್ಟಾರ್ಟರ್ ಆಹಾರ ಕೊಡಿ. ಹಿಂಭಾಗದಲ್ಲಿ ಹಿಕ್ಕೆ ಅಂಟಿಕೊಂಡು ದಾರಿ ಮುಚ್ಚಿದ್ದರೆ ಬೆಚ್ಚಗಿನ ನೀರಿನಲ್ಲಿ ನೆನೆಸಿ ಒರೆಸಿ, ಎಳೆಯಬೇಡಿ.

ಈ ಡಬ್ಬದಲ್ಲಿ ಬಲ್ಬಿನ ಕಾವು ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತಾ ಹೋಗಿ. ಆದರೆ ಥರ್ಮಾಮೀಟರ್‌ಗಿಂತ ಮರಿಗಳನ್ನು ನೋಡಿದರೆ ಜಾಸ್ತಿ ಗೊತ್ತಾಗುತ್ತೆ. ಬಲ್ಬಿನ ಕೆಳಗೆ ಒತ್ತಾಗಿ ಸೇರಿ ಕೂಗುತ್ತಿದ್ದರೆ ಚಳಿ, ಮೂಲೆಗೆ ಸರಿದು ಬಾಯಿ ಬಿಟ್ಟು ಏದುಸಿರು ಬಿಡುತ್ತಿದ್ದರೆ ಸೆಕೆ.

ನೀವು ಕೇಳದೇ ಇರುವ ಒಂದು ವಿಷಯ. ಹೆಚ್ಚುಕಡಿಮೆ ಅರ್ಧ ಮರಿ ಹುಂಜಗಳೇ ಆಗುತ್ತವೆ. ನನ್ನ ಏಳರಲ್ಲಿ ನಾಲ್ಕು. ಈಗ ಬೆಳಗಿನ ಜಾವ ನಾಲ್ಕೂ ಸೇರಿ ಕೂಗುತ್ತವೆ, ಪಕ್ಕದ ಮನೆಯವರು ನನ್ನ ಮುಖ ನೋಡೋದು ಬಿಟ್ಟಿದ್ದಾರೆ. ಅವನ್ನು ಏನು ಮಾಡೋದು ಅಂತ ಈಗಲೇ ಯೋಚಿಸಿಡಿ.