ನಾಲ್ಕು ವರ್ಷದ ನಮ್ಮ ಮಗುವಿಗೆ ಮೂರು ವಾರದಿಂದ ಕೆಮ್ಮು, ತೂಕವೂ ಇಳಿದಿದೆ, ಮನೆಯಲ್ಲೇ ಅಜ್ಜನಿಗೆ ಟಿಬಿ ಇದೆ. ಕಫ ಪರೀಕ್ಷೆ ನೆಗೆಟಿವ್ ಬಂದರೂ ಮಗುವಿಗೆ ಟಿಬಿ ಇರಬಹುದೇ?

ಇರಬಹುದು. ನಾಲ್ಕು ವರ್ಷದ ಮಗು ಕಫ ಉಗುಳುವುದಿಲ್ಲ, ನುಂಗುತ್ತದೆ, ರೋಗಾಣುಗಳೂ ಕಡಿಮೆ. ನೀವು ಕೊಟ್ಟದ್ದು ಬರೀ ಎಂಜಲಾಗಿರುವ ಸಾಧ್ಯತೆಯೇ ಹೆಚ್ಚು. ಮೂರು ವಾರದ ಕೆಮ್ಮು, ತೂಕ ಇಳಿಕೆ, ಮನೆಯಲ್ಲೇ ಅಜ್ಜನಿಗೆ ಟಿಬಿ: ಇಷ್ಟಿದ್ದಾಗ ದಯವಿಟ್ಟು ಸುಮ್ಮನಿರಬೇಡಿ.

ಮೊದಲು ಎದೆಯ ಎಕ್ಸ್‌ರೇ. ಆಮೇಲೆ ಬೆಳಗ್ಗೆ ಮಗು ಎದ್ದು ಓಡಾಡುವ ಮುಂಚೆ, ಖಾಲಿ ಹೊಟ್ಟೆಯಲ್ಲಿ, ಮೂಗಿನ ಮೂಲಕ ಹಾಕಿದ ನಳಿಕೆಯಿಂದ ಜಠರದ ದ್ರವ ತೆಗೆದು ಸಿಬಿನಾಟ್ ಅಥವಾ ಟ್ರೂನ್ಯಾಟ್‌ಗೆ (ಟಿಬಿ ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆಗಳು) ಕಳಿಸಬೇಕು. ಹಾಲು ಕುಡಿಸಿದರೆ ಮಾದರಿ ಕೆಟ್ಟಂತೆಯೇ. ಮಾಂಟೂ (ಚರ್ಮಕ್ಕೆ ಚುಚ್ಚಿ ಮಾಡುವ ಟಿಬಿ ಪರೀಕ್ಷೆ) ಹಾಕಿಸಿದರೆ 48ರಿಂದ 72 ಗಂಟೆಯೊಳಗೆ ಅಳೆಸಿ. ಕೆಂಪನ್ನಲ್ಲ, ಗಟ್ಟಿಯಾದ ಭಾಗವನ್ನು. 10 ಮಿ.ಮೀ. ಬಂದರೂ ಅದು ಸೋಂಕಿನ ಸುಳಿವು ಮಾತ್ರ, ಕಾಯಿಲೆಯ ಖಾತರಿಯಲ್ಲ. ಟಿಬಿಗೆಂದು ರಕ್ತದ ಐಜಿಜಿ, ಐಜಿಎಂ (ಪ್ರತಿಕಾಯ) ಟೆಸ್ಟ್ ಬೇಡವೇ ಬೇಡ. 2012ರಲ್ಲೇ ಸರ್ಕಾರ ನಿಷೇಧಿಸಿದೆ.

ಅಜ್ಜನ ರಿಪೋರ್ಟನ್ನೂ ಒಯ್ಯಿರಿ, ಟಿಬಿಯ ಮುಖ್ಯ ಔಷಧ ರಿಫಾಂಪಿಸಿನ್‌ಗೆ ಬಗ್ಗದ ಟಿಬಿಯಾದರೆ ಮಗುವಿನ ಔಷಧವೂ ಬದಲಾಗುತ್ತದೆ. ಎಲ್ಲ ನೆಗೆಟಿವ್ ಬಂದರೂ ಲಕ್ಷಣ, ಎಕ್ಸ್‌ರೇ ನೋಡಿ ಮಕ್ಕಳ ವೈದ್ಯರು ಚಿಕಿತ್ಸೆ ಶುರುಮಾಡಬಹುದು.